ಹನ್ನೆರಡನೆಯ ಕಂತು

ರೇಡಿಯೋದಲ್ಲಿದ್ದ ಇಪ್ಪತ್ತಾರು ವರ್ಷ, ಅವಕಾಶ ಕೇಳಿ ಬಂದವರನ್ನು ಬಂದ ದಾರಿಗೆ ಸುಂಕವಿಲ್ಲವೆಂದು ಕಳಿಸುವುದರಲ್ಲಿ ನನ್ನದು ಎತ್ತಿದ ಕೈ. ಆದರೂ ಧ್ವನಿಪರೀಕ್ಷೆಯ ಟೇಪನ್ನು ಕೊನೆಯವರೆಗೂ ಕೇಳಿಯೇ ಬೇಡ ಅನ್ನುತ್ತಿದ್ದೆ. ಈಗ ಸ್ಟುಡಿಯೋ ಬೇಡ, ನನ್ನಂಥವರ ಸಹಿಯೂ ಬೇಡ. ಪ್ರತಿಧ್ವನಿ ಬಾರದಿರಲೆಂದು ಬಟ್ಟೆಯ ಬೀರುವಿಗೆ ಮುಖ ಹಾಕಿ ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಪಾಡ್‌ಕಾಸ್ಟ್. ನಿವೃತ್ತನಾದ ಮೇಲೆ ನಾನು ಹೊಸಬರ ಬೆನ್ನು ತಟ್ಟುವ ಹಿರಿಯನಾದೆ. ಯಾರೇ ಲಿಂಕ್ ಕಳಿಸಲಿ, ‘ಅದ್ಭುತ, ಮುಂದುವರಿಸಿ’ ಎಂದು ಬರೆಯುತ್ತಿದ್ದೆ. ಕೇಳುವ ತೊಂದರೆ ಮಾತ್ರ ತೆಗೆದುಕೊಳ್ಳುತ್ತಿರಲಿಲ್ಲ.

ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಜೊತೆಗೆ ದುಡಿದ ಹೆಂಗಸರನ್ನು ಮಾತಾಡಿಸುತ್ತ ಅವಳೂ ಪಾಡ್‌ಕಾಸ್ಟ್ ಶುರುಮಾಡಿದಳು. ಅವಳ ಪ್ರತಿ ಕಂತಿಗೂ ನಾನು ‘ಅದ್ಭುತ’ ಎಂದು ಬರೆದೆ. ಹನ್ನೆರಡನೆಯ ಕಂತಿಗೆ, ವರ್ಷಗಟ್ಟಲೆ ಅವಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಗೆಳತಿ ಬಂದರು. ಅವರಿಗೆ ಗಂಟಲಲ್ಲಿ ಗಡ್ಡೆ. ನಾಲ್ಕು ದಿನಕ್ಕೆ ಆಪರೇಷನ್, ಆಮೇಲೆ ಧ್ವನಿ ಇರುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು.

ಕಂತು ಹಾಕಿದ ದಿನ ಅಕ್ಕ ಫೋನ್ ಮಾಡಿದಳು. ತನ್ನ ಧ್ವನಿ ತಾನು ಕೇಳಲು ನಾಚಿಕೆ, ನೀನು ಒಂದು ಸಲ ಪೂರ್ತಿ ಕೇಳು, ಸರಿಯಿದ್ದರೆ ಫೋನಿನಲ್ಲಿರುವ ಮೂಲ ಅಳಿಸುತ್ತೇನೆ, ಜಾಗ ಸಾಲುತ್ತಿಲ್ಲ ಅಂದಳು. ನಾನು ಶುರುವಿನ ಸಂಗೀತ ಕೇಳಿ ನಿಲ್ಲಿಸಿದೆ.

ಸಂಜೆ ಅವಳಿಗೆ ಹೇಳಿದೆ: “ಧಾರಾಳವಾಗಿ ಅಳಿಸು ಅಕ್ಕ. ಕೊನೇಲಿ ಅವರು ಹೇಳಿದ ಮಾತಿಗಂತೂ ಕಣ್ಣು ತುಂಬಿ ಬಂತು.”

ಸಂಗೀತ ಸೇರಿಸುವಾಗ ಅಕ್ಕ ಮಾತಿನ ಭಾಗವನ್ನು ಮ್ಯೂಟ್ ಮಾಡಿದ್ದಳು, ಆ ಮ್ಯೂಟ್ ತೆಗೆಯಲು ಮರೆತಿದ್ದಳು. ಹತ್ತು ಸೆಕೆಂಡು ಸಂಗೀತ, ಆಮೇಲೆ ನಲವತ್ತು ನಿಮಿಷ ಏನೂ ಇಲ್ಲ. ಕೇಳುಗರೊಬ್ಬರು ಅದನ್ನು ಬರೆದು ತಿಳಿಸಿದ್ದು ಎಂಟನೆಯ ದಿನ. ಅಷ್ಟರಲ್ಲಿ ಮೂಲವೂ ಇರಲಿಲ್ಲ, ಗೆಳತಿಗೆ ಧ್ವನಿಯೂ ಇರಲಿಲ್ಲ.

ಅಕ್ಕ ಅಳುತ್ತ ಕೇಳಿದಳು, ನೀನು ಕೇಳಿದಾಗ ಸರಿಯಿತ್ತಲ್ಲ ಅಂತ. ಆಮೇಲೆ ಕೆಟ್ಟಿರಬಹುದು ಅಂದೆ. ರೇಡಿಯೋದವನ ಮಾತು, ನಂಬಿದಳು. ಕೋಟಿ ವಿದ್ಯೆ ಬಲ್ಲವನಂತೆ ಅವಳಿಗೆ ಸಮಾಧಾನವನ್ನೂ ಹೇಳಿದೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಮರುದಿನ ಅವಳ ಜೊತೆ ಆಸ್ಪತ್ರೆಗೆ ಹೋದೆ. ಗೆಳತಿ ಕತ್ತಿಗೆ ಬ್ಯಾಂಡೇಜು ಸುತ್ತಿಕೊಂಡು ದಿಂಬಿಗೆ ಒರಗಿದ್ದರು. ಅಕ್ಕ ಅವರ ಕೈ ಹಿಡಿದು ಮೂಲ ಅಳಿಸಿದ ತಪ್ಪನ್ನು ಒಪ್ಪಿಕೊಂಡಳು, ನಾನು ಪೂರ್ತಿ ಕೇಳಿ ಕಣ್ಣು ತುಂಬಿಕೊಂಡೆನೆಂದೂ ಹೇಳಿದಳು. ಅವರು ನೋಟ್‌ಬುಕ್ಕಿನಲ್ಲಿ ಬರೆದರು, ಅಕ್ಕ ಓದಿದಳು: “ಹೋಗ್ಲಿ ಬಿಡೇ. ನಿನ್ನ ತಮ್ಮನಾದ್ರೂ ಪೂರ್ತಿ ಕೇಳಿದಾನಲ್ಲ.”

ಮತ್ತೆ ಏನೋ ಬರೆದು, ಈ ಸಲ ಪುಟವನ್ನು ನನ್ನ ಕಡೆಗೇ ತಿರುಗಿಸಿದರು. ‘ಯಾವ ಮಾತಿಗಪ್ಪ ಕಣ್ಣು ತುಂಬಿ ಬಂದಿದ್ದು?’

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾಲಿಗೆಯ ತುದಿಯಲ್ಲಿ ಇನ್ನೊಂದು ಸುಳ್ಳು ತಯಾರಾಗಿತ್ತು. ಗೆಳತಿಯ ಮುಖ ನೋಡಿ ಅದು ಹೊರಡಲಿಲ್ಲ.

“ನಾನು ಕೇಳೇ ಇಲ್ಲ” ಅಂದೆ.

ಗೆಳತಿ ಪೆನ್ನಿಗೆ ಮುಚ್ಚಳ ಹಾಕಿ ಗೋಡೆಯ ಕಡೆ ಹೊರಳಿದರು. ಅಕ್ಕ ಅವರ ಹೊದಿಕೆ ಸರಿಮಾಡುತ್ತ, ನನ್ನ ಕಡೆ ತಿರುಗದೆ ಕೇಳಿದಳು: “ಹಿಂದಿನ ಹನ್ನೊಂದು?”

ನಾನು ತಲೆ ತಗ್ಗಿಸಿದೆ.