ತೆರಿಗೆಯವರದು

ಪುಸ್ತಕ ಕಟ್ಟುವ ಅಂಗಡಿಗೆ ತೆರಿಗೆ ಕಚೇರಿಯ ನೋಟಿಸು ಬಂದದ್ದು ಸೋಮವಾರ. ಹಿಂದಿನ ವರ್ಷದ ಕೊನೆಯ ಕಂತು ಬಾಕಿ ಇದೆ, ಬಡ್ಡಿ ಬೆಳೆಯುತ್ತಿದೆ, ತಿಂಗಳೊಳಗೆ ಹಣ ಕಟ್ಟಬೇಕು ಇಲ್ಲವೇ ಲಿಖಿತ ಉತ್ತರ ಕೊಡಬೇಕು ಎಂದಿತ್ತು. ಅಂಗಡಿ ಅಕ್ಕ-ತಮ್ಮ ಇಬ್ಬರದು. ಹಣಕಾಸು ಅಕ್ಕನದು, ಹೊಲಿಗೆ, ಅಂಟು, ರಟ್ಟಿನ ಕೆಲಸ ತಮ್ಮನದು.

ಆ ಕಂತಿನ ವೇಳೆಗೆ ಅಕ್ಕ ಪಿತ್ತಕೋಶ ತೆಗೆಸಿಕೊಂಡು ಆಸ್ಪತ್ರೆಯಲ್ಲಿದ್ದಳು. ಹಣವನ್ನು ಮೇಜಿನ ಖಾನೆಯಲ್ಲಿಟ್ಟು ಹೋಗಿದ್ದಳು. ಅಲ್ಲಿಂದ ಫೋನ್ ಮಾಡಿ, "ತೆರಿಗೆಯವರದು ಕಟ್ಟಿದ್ಯೇನೋ?" ಎಂದು ಕೇಳಿದ್ದಳು. "ಕಟ್ಟಿದೀನಿ ಕಣೇ, ನಿನ್ನೆನೇ. ನೀನು ಸುಮ್ನೆ ಮಲಕ್ಕೋ," ಎಂದಿದ್ದ ತಮ್ಮ.

ಈಗ ನೋಟಿಸು ಹಿಡಿದು ಅವನ ಮುಂದೆ ನಿಂತಳು.

"ಕಟ್ಟಿದೀನಿ ಅಂದ್ಯಲ್ಲೋ?"

"ಹೂಂ, ಕಟ್ಟಿದೀನಿ."

"ಬಾಕಿ ಇದೆ ಅಂತ ಬರೆದಿದಾರೆ."

"ಏನ್ ಬಾಕಿ? ಅವರದು ಒಂದೂ ಬಾಕಿ ಇಟ್ಟಿಲ್ಲ. ನಾನೇ ಹೋಗಿ ಕೊಟ್ಟು ಬಂದಿದೀನಿ."

"ಖಾನೇಲಿದ್ದ ದುಡ್ಡೆಲ್ಲಿ?"

"ರಟ್ಟು, ಬಟ್ಟೆ ತಂದೆ. ಖಾನೇಲಿ ದುಡ್ಡಿರೋದು ಖರ್ಚಿಗಲ್ದೆ ಇನ್ನೇನು, ಮರಿ ಹಾಕೋಕಾ?"

ಪಿತ್ತಕೋಶ ಹೋಗಿದ್ದರೂ ಅಕ್ಕನಿಗೆ ಪಿತ್ತ ನೆತ್ತಿಗೇರಿತು. ಹರಿದ ನಿಘಂಟು ಕಟ್ಟಿಸಲು ಬಂದಿದ್ದ ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. ಅವರ ಕಡೆ ತಿರುಗಿ, "ಕಳ್ಳನ್ನ ಒಳಗೇ ಇಟ್ಕೊಂಡು ದಿನಾ ಹೊರಗಿಂದ ಬೀಗ ಹಾಕ್ತಿದ್ದೆ ನೋಡಿ ಮೇಷ್ಟ್ರೇ," ಎಂದಳು.

ತಮ್ಮ ಅಂಟಿನ ಬ್ರಷ್ ತೊಳೆದಿಟ್ಟ. ಕೈ ಒರೆಸಿಕೊಂಡ. "ನಿಂಗೆ ಹಾಗನ್ನಿಸಿದ್ರೆ ಸರಿ," ಎಂದಷ್ಟೇ ಹೇಳಿ ಹೊರಟುಹೋದ. ವಾರ ಕಳೆಯುವುದರೊಳಗೆ, ರೈಲು ನಿಲ್ದಾಣದ ಹಿಂದಿನ ಇನ್ನೊಂದು ಬೈಂಡಿಂಗ್ ಅಂಗಡಿಯಲ್ಲಿ ಕೂಲಿಗೆ ಸೇರಿದ್ದಾನೆಂದು ಸುದ್ದಿ ಬಂತು.

ಅಕ್ಕ ನೋಟಿಸಿಗೆ ಉತ್ತರ ಬರೆದಳು. ಹಣವನ್ನು ತಮ್ಮನ ವಶಕ್ಕೆ ಬಿಟ್ಟಿದ್ದಾಗಿಯೂ, ಅವನು ಅದನ್ನು ದುರುಪಯೋಗ ಮಾಡಿಕೊಂಡಿದ್ದಾಗಿಯೂ, ಆದ್ದರಿಂದ ಬಡ್ಡಿ ಮನ್ನಾ ಮಾಡಬೇಕೆಂದೂ ಬರೆದು ಕಚೇರಿಗೆ ಒಯ್ದಳು. ಗುಮಾಸ್ತರು ಸೀಲು ಹೊಡೆದು, ಆಮೇಲೆ ಓದಿದರು.

"ಇದು ಯಾರಮ್ಮಾ, ನಮ್ಮ ರಿಜಿಸ್ಟರ್ ಕಟ್ಟಿಕೊಡೋರಾ?"

"ಹೌದು, ಅವನೇ."

"ಅವರು ಅಂಥೋರಲ್ವಲ್ಲ." ಗುಮಾಸ್ತರು ಹಿಂದಿನ ಕಪಾಟು ತೋರಿಸಿದರು. ಕೆಂಪು ಬಟ್ಟೆಯ ಬೆನ್ನಿನ ರಿಜಿಸ್ಟರುಗಳು ಸಾಲಾಗಿದ್ದವು. "ಇವನ್ನ ನಾವು ಮುಂದಿನ ತಿಂಗಳಿಗೆ ಕೇಳಿದ್ವಿ. ಇಷ್ಟು ಬೇಗ ಯಾಕೆ ತಂದ್ರಿ ಅಂದೆ. 'ನಮ್ಮಕ್ಕ ಆಸ್ಪತ್ರೆಯಿಂದ ಫೋನ್ ಮಾಡಿ, ತೆರಿಗೆಯವರದು ಕಟ್ಟಿದ್ಯಾ ಅಂತ ಕೇಳ್ತಾಳೆ. ಅಲ್ಲೂ ಅವಳಿಗೆ ನಿಮ್ಮದೇ ಚಿಂತೆ, ಮೊದಲು ತಗೊಂಡುಬಿಡಿ' ಅಂತ ನಕ್ಕರು."

ಅಕ್ಕ ಕಪಾಟಿನ ಕಡೆ ನೋಡಿದಳು.

ಅವರ ಅಂಗಡಿಯಲ್ಲಿ ಕೆಲಸವನ್ನು ಕರೆಯುವುದೇ ಗಿರಾಕಿಯ ಹೆಸರಿನಿಂದ. ವಕೀಲರದು ಕಟ್ಟಾಯ್ತು, ಮೇಷ್ಟ್ರದು ಒಣಗ್ತಿದೆ, ಹೀಗೆ. ತೆರಿಗೆ ಎನ್ನುವ ಬದಲು ತೆರಿಗೆಯವರದು ಎಂದಿದ್ದು ಅವಳೇ. ದುಡ್ಡು ಎಂಬ ಪದ ಫೋನಿನಲ್ಲಿ ಬಂದೇ ಇರಲಿಲ್ಲ. ಖಾನೆಯ ಹಣ ಯಾವುದಕ್ಕೆಂದು ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ಹೇಳಿರಲೂ ಇಲ್ಲ. ಅವನು ರಿಜಿಸ್ಟರು ಕಟ್ಟಿದ್ದ, ಕಟ್ಟಿದೀನಿ ಎಂದಿದ್ದ.

"ಸ್ವಾಮೀ, ಆ ಕಾಗದ ವಾಪಸ್ ಕೊಡಿ."

"ಸೀಲು ಬಿದ್ದಾಯ್ತಲ್ಲಮ್ಮ. ಇನ್ನೊಂದು ಬರೆದುಕೊಡಿ, ಎರಡೂ ಫೈಲಲ್ಲಿರುತ್ತೆ."

ಅಲ್ಲೇ ನಿಂತು ಇನ್ನೊಂದು ಬರೆದಳು: ತಪ್ಪು ನನ್ನದು, ತಮ್ಮನದಲ್ಲ, ಬಾಕಿಯನ್ನು ಕಂತಿನಲ್ಲಿ ಸಲ್ಲಿಸುತ್ತೇನೆ. ಕಂತಿಗೆ ಸಾಹೇಬರು ಒಪ್ಪಬಹುದು, ಬಡ್ಡಿ ಮಾತ್ರ ಬಿಡುವುದಿಲ್ಲ ಎಂದರು ಗುಮಾಸ್ತರು. ಬಡ್ಡಿಯ ಮಾತು ಅವಳ ಕಿವಿಗೆ ಬೀಳಲಿಲ್ಲ. ತಮ್ಮನನ್ನು ಕಳ್ಳನಾಗಿಸಿದ ಹಾಳೆ ಆಗಲೇ ಫೈಲಿನೊಳಗೆ ಹೋಗಿತ್ತು.

ಅಲ್ಲಿಂದ ನೇರ ರೈಲು ನಿಲ್ದಾಣದ ಹಿಂದಕ್ಕೆ ನಡೆದಳು. ತಮ್ಮ ದಾರಕ್ಕೆ ಮೇಣ ಸವರುತ್ತಿದ್ದ. ಅವಳನ್ನು ಕಂಡು ಎದ್ದು, ಸ್ಟೂಲು ಒರೆಸಿದ.

"ಬನ್ನಿ, ಕೂತ್ಕೊಳ್ಳಿ."

ಅಂಗಡಿಯ ಮಾಲೀಕ ಪಕ್ಕದಲ್ಲಿದ್ದ. ಅವನೆದುರು ಮರ್ಯಾದೆಗೆ ಹಾಗೆನ್ನುತ್ತಿದ್ದಾನೆ ಎಂದುಕೊಂಡಳು. ಮಾಲೀಕ ಒಳಗೆ ಹೋದ ಮೇಲೆ ಎಲ್ಲವನ್ನೂ ಹೇಳಿದಳು.

"ನಾನೇ ನೆಟ್ಟಗೆ ಕೇಳ್ಲಿಲ್ಲ ಕಣೋ. ಮೇಷ್ಟ್ರ ಮನೆಗೂ ಹೋಗಿ ಹೇಳ್ತೀನಿ. ನೀನು ಬಾ, ಬೈಯೋದಿದ್ರೆ ಬೈ. ಅಂಗಡಿ ಕಡೆ ಬಂದುಬಿಡೋ."

ಅವನು ಪೂರ್ತಿ ಕೇಳಿಸಿಕೊಂಡ. ಒಂದು ಕಡೆ ನಗುವೂ ಬಂದಂತಿತ್ತು.

"ಹೋಗ್ಲಿ ಬಿಡಿ. ನೀವು ಕೇಳಿದ್ದೂ ಸರಿ, ನಾನು ಹೇಳಿದ್ದೂ ಸರಿ. ಇಲ್ಲಿ ಮಾತು ಕೊಟ್ಟಿದೀನಿ, ಬರೋಕಾಗಲ್ಲ."

"ನನ್ನನ್ನ ನೀವು ಅಂತೀಯಲ್ಲೋ."

ತಮ್ಮ ಮತ್ತೆ ತನ್ನ ಜಾಗದಲ್ಲಿ ಕೂತ. ಸೂಜಿಗೆ ದಾರ ಪೋಣಿಸಿ, ಗಿರಾಕಿಗಳನ್ನು ವಿಚಾರಿಸುವ ದನಿಯಲ್ಲಿ, "ಟೀ ತರಿಸ್ಲಾ?" ಎಂದ.

ಅವಳು ಬೇಡ ಎನ್ನಲಿಲ್ಲ. ಟೀ ಕುಡಿದು ಮುಗಿಯುವವರೆಗಾದರೂ ಅಲ್ಲಿ ಕೂತಿರಬಹುದಿತ್ತು.