ಅತ್ತೆಯ ಹೆಸರಿನ ರುಜು

ಸರ್ಕಾರದ ಕಡೆಯಿಂದ ಬಂದ ಇನೆಸ್ ಎಂಬ ಹುಡುಗಿ ಮನೆಸಹಾಯಕ್ಕೆ ನಾನು ಹಾಕಿದ್ದ ಅರ್ಜಿ ನೋಡಿಕೊಂಡು ಕೇಳಿದ ಏಳನೆಯ ಪ್ರಶ್ನೆ ಇದು: "ಅಜ್ಜಿ, ಸಾಯೋತನಕ ನೋಡ್ಕೋತೀವಿ ಅಂದೋರಿಗೆ ಕರಾರು ಮಾಡಿ ಈ ಮನೆ ಏನಾದ್ರೂ ಬರ್ಕೊಟ್ಟಿದ್ದೀರಾ?"

ಮೊದಲ ಆರಕ್ಕೆ ನಾನು ನೆಟ್ಟಗೆ ಉತ್ತರ ಹೇಳಿದ್ದೆ. ಹೆಸರು ತೆರೇಜಾ. ವಯಸ್ಸು ಎಪ್ಪತ್ತೊಂಬತ್ತು. ಗಂಡ ತೀರಿಕೊಂಡು ಒಂಬತ್ತು ವರ್ಷ. ಮಕ್ಕಳಿಲ್ಲ. ಹೋದ ವರ್ಷ ಹಿಮ ಹೆಪ್ಪುಗಟ್ಟಿದ ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡೆ. ಬಗ್ಗಿ ಕಾಲು ತೊಳೆದುಕೊಳ್ಳಲು ಆಗುವುದಿಲ್ಲ, ಒಲೆಗೆ ಸೌದೆ ಹೊತ್ತು ತರಲು ಆಗುವುದಿಲ್ಲ. ಆದರೆ ಏಳನೆಯದು ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಮನೆಯನ್ನು ಇನ್ಯಾರಾದರೂ ಆಗಲೇ ನುಂಗಿದ್ದಾರೋ, ಇನ್ನೂ ನುಂಗುವುದಕ್ಕೆ ಬಾಕಿ ಇದೆಯೋ ಎಂದು ತಿಳಿಯಲಿಕ್ಕಲ್ಲದೆ ಇದನ್ನು ಯಾಕೆ ಕೇಳುತ್ತಾರೆ?

"ನಿಂಗ್ಯಾಕಮ್ಮ ಅದು?"

"ನಿಯಮ ಅಜ್ಜಿ. ಅಂಥ ಕರಾರು ಇದ್ರೆ ನೋಡ್ಕೊಳ್ಳೋ ಜವಾಬ್ದಾರಿ ಅವರದು. ನಾವು ಮನೆಗೆ ಸಹಾಯಕ್ಕೆ ಜನ ಕಳಿಸೋ ಹಾಗಿಲ್ಲ."

"ಕರಾರು ಇಲ್ಲ. ಮುಂದೇನೂ ಇರಲ್ಲ, ಅದನ್ನೂ ಬರ್ಕೋ."

ಅವಳು ಬರೆದುಕೊಳ್ಳಲಿಲ್ಲ. ಅದೂ ನನಗೆ ಸರಿ ಕಾಣಲಿಲ್ಲ.

ನಮ್ಮ ಸ್ಲಾವೋನಿಯಾ ಸೀಮೆಯಲ್ಲಿ ಆ ಕರಾರು ಎಂದರೆ ಏನು ಅನ್ನುವುದು ನನ್ನ ಎದುರುಮನೆಯ ಬಾರಿತ್ಸಾಳನ್ನು ಕಂಡವರಿಗೆಲ್ಲ ಗೊತ್ತು. ದಾಮಿರ್ ಅನ್ನುವವನು ಎರಡು ವರ್ಷ ಅವಳಿಗೆ ಬ್ರೆಡ್ಡು ತಂದ, ಸೌದೆ ಸೀಳಿದ, ಅವಳ ಗಂಡನ ಸಮಾಧಿಗೆ ಹೂವಿಟ್ಟ. ಅವಳು ನೋಟರಿಯ ಮುಂದೆ ರುಜು ಹಾಕಿದ ಮರುತಿಂಗಳಿಂದ ಅವನಿಗೆ ನಮ್ಮ ಬೀದಿಯೇ ಮರೆತುಹೋಯಿತು. ಈಗ ಬೀದಿ ಕಡೆಯ ಕೋಣೆಗಳಲ್ಲಿ ಅವನ ಬಾಡಿಗೆಯವರಿದ್ದಾರೆ. ಹಿತ್ತಲಿನಲ್ಲಿ ಬೇಸಿಗೆಯ ಅಡುಗೆಗೆಂದು ಕಟ್ಟಿದ್ದ ಕೋಣೆಯಲ್ಲಿ ಬಾರಿತ್ಸಾ ಇದ್ದಾಳೆ. ಆ ಕರಾರಿನ ದೆಸೆಯಿಂದ ಅವಳಿಗೆ ಸರ್ಕಾರದ ಸಹಾಯವೂ ಇಲ್ಲ.

"ಸರ್ಕಾರದ ಸಹಾಯ ಪುಕ್ಕಟೆ ಅಂತೆ," ಎಂದು ನಾನು ಅವಳಿಗೆ ಹೇಳಿದೆ.

"ಲೇ ತೆರೇಜಾ, ದಾಮಿರನೂ ಪುಕ್ಕಟೆನೇ ಬಂದಿದ್ದ ಕಣೆ," ಎಂದಳು.

ಜನವರಿಯಲ್ಲಿ ಸರ್ಕಾರ ಕಳಿಸಿದ ಸಹಾಯಕಿ ನೆವೆಂಕಾ ಬಂದಳು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಒಂಬತ್ತರಿಂದ ಹನ್ನೊಂದರವರೆಗೆ. ಐವತ್ತಾರು ವರ್ಷದ ಅಗಲ ಭುಜದ ಹೆಂಗಸು. ಇಪ್ಪತ್ತೈದು ವರ್ಷ ಅಂಗಿ ಕಾರ್ಖಾನೆಯಲ್ಲಿ ಕಾಲರ್ ಹೊಲಿದಿದ್ದವಳು. ಕಾರ್ಖಾನೆ ಮುಚ್ಚಿದ ಮೇಲೆ ಸಿಕ್ಕಿದ ಮೊದಲ ಕೆಲಸ ಇದು. ಬಂದವಳೇ ಚೀಲದಿಂದ ತನ್ನದೇ ಮನೆಚಪ್ಪಲಿ ತೆಗೆದು ಹಾಕಿಕೊಂಡಳು. ಎರಡನೆಯ ವಾರದಿಂದ ಅದನ್ನು ನನ್ನ ಬಾಗಿಲ ಹಿಂದೆಯೇ ಬಿಟ್ಟು ಹೋಗತೊಡಗಿದಳು. ಬೇರೂರುವ ಯೋಚನೆ ಇದ್ದವರೇ ಚಪ್ಪಲಿ ಬಿಟ್ಟು ಹೋಗುವುದು ಎಂದುಕೊಂಡೆ.

ನಾನೂ ಸುಮ್ಮನೆ ಕೂರಲಿಲ್ಲ. ಕಾಗದಪತ್ರದ ಡ್ರಾಯರಿಗೆ ಅಡ್ಡವಾಗಿ ನನ್ನದೊಂದು ಬಿಳಿ ಕೂದಲು ಅಂಟಿಸಿಟ್ಟೆ. ಪ್ಲಮ್ ಜಾಮಿನ ಜಾಡಿಗೆ ಹೊರಗಿನಿಂದ ದಾರ ಸುತ್ತಿ ಗುರುತು ಮಾಡಿದೆ. ಅಕ್ರೋಟಿನ ಸುರುಳಿ ರೊಟ್ಟಿಯ ಹೋಳುಗಳನ್ನು ಎಣಿಸಿ ಮೇಜಿನ ಮೇಲೆ ಬಿಟ್ಟೆ. ಕೂದಲು ಅಲುಗಲಿಲ್ಲ, ಜಾಮು ಇಳಿಯಲಿಲ್ಲ, ಹೋಳು ಒಂದೂ ಕಡಿಮೆಯಾಗಲಿಲ್ಲ. ಇದರಿಂದ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ಜಾಮಿಗೆ ಆಸೆ ಪಡದವಳು ಮನೆಗೇ ಗುರಿ ಇಟ್ಟಿರಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಆ ಹಾಳೆ. ಪ್ರತಿ ಸಲ ಕೆಲಸ ಮುಗಿದ ಮೇಲೆ ನೆವೆಂಕಾ ಒಂದು ಹಾಳೆ ತೆಗೆದು ಮೇಜಿನ ಮೇಲಿಡುತ್ತಿದ್ದಳು. ತಾರೀಖು, ಬಂದ ಹೊತ್ತು, ಹೋದ ಹೊತ್ತು, ಗುಡಿಸುವುದು, ಸೌದೆ, ಅಂಗಡಿ, ಸ್ನಾನ ಎಂದು ಒಂದೊಂದು ಚೌಕ, ಕೊನೆಯಲ್ಲಿ 'ಇತರೆ' ಎಂಬ ಖಾಲಿ ಜಾಗ.

"ದೊಡ್ಡಮ್ಮ, ಇಲ್ಲೊಂದು ಸೈನ್ ಹಾಕಿ. ನಾನ್ ಬಂದಿದ್ದೆ ಅನ್ನೋದಕ್ಕೆ."

ಬಾರಿತ್ಸಾ ಒಂದೇ ಒಂದು ರುಜು ಹಾಕಿ ಮನೆ ಕಳೆದುಕೊಂಡಿದ್ದಳು. ನಾನು ವಾರಕ್ಕೆ ಎರಡು ಹಾಕಬೇಕಂತೆ! ನಾನೇನು ಪೆದ್ದಿಯೇ? ಮೊದಲ ದಿನ ಎಡಗೈಯಲ್ಲಿ ಗೀಚಿದೆ. ಎರಡನೆಯ ದಿನ ತವರಿನ ಹೆಸರು ಬರೆದೆ. ಒಮ್ಮೆ ಅಕ್ಕನ ಹೆಸರು, ಒಮ್ಮೆ ಗಂಡನದು. ಆಮೇಲೆ ಬಂಗಾರದಂಥ ಉಪಾಯ ಹೊಳೆಯಿತು. ನಮ್ಮತ್ತೆ ಮಾರ್ಗಾಳ ರುಜು ಹಾಕಿದೆ, ಅವಳು ಹಾಕುತ್ತಿದ್ದಂತೆಯೇ, ಮೊದಲ ಅಕ್ಷರಕ್ಕೆ ಹಂದಿಯ ಬಾಲದಂಥ ಸುರುಳಿ ಸಮೇತ. ಆ ಹೆಂಗಸಿನ ಕೈಯಿಂದ ಬದುಕಿದ್ದಾಗಲೇ ಯಾರೂ ಏನನ್ನೂ ಕಿತ್ತುಕೊಂಡಿರಲಿಲ್ಲ. ಸತ್ತ ಮೇಲೆ ಕಿತ್ತುಕೊಳ್ಳುವವನು ಇದ್ದರೆ ಬರಲಿ.

ನಾನು ರುಜು ಹಾಕುವಾಗ ನೆವೆಂಕಾ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಳ್ಳುತ್ತಿದ್ದಳು. ಆಮೇಲೆ ನೋಡದೆ ಮಡಚಿ ಚೀಲಕ್ಕೆ ಹಾಕುತ್ತಿದ್ದಳು. ನನ್ನ ಕೈ ನಡುಗುವುದನ್ನು ನೋಡಬಾರದೆಂದು ಅವಳು ಹಾಗೆ ಮಾಡುತ್ತಿದ್ದಳೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಫೆಬ್ರವರಿಯ ಒಂದು ಶುಕ್ರವಾರ ಅವಳು ನನ್ನ ತಲೆಯ ವಸ್ತ್ರ ನೋಡಿ, "ದೊಡ್ಡಮ್ಮ, ತಲೆ ತೊಳೀಲಾ?" ಎಂದಳು. ಮೂರು ವಾರದಿಂದ ನೀರು ಕಂಡಿರದ ತಲೆ. ಗಾಳಿ ಬಡಿಯಬಾರದೆಂದು ಕಿಟಕಿ ಬಾಗಿಲು ಭದ್ರ ಮಾಡಿದಳು, ಒಲೆಗೆ ಸೌದೆ ತುಂಬಿದಳು, ನನ್ನನ್ನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿಸಿ ಚೊಂಬಿನಿಂದ ನಿಧಾನವಾಗಿ ಬಿಸಿನೀರು ಹಾಕಿದಳು. ನಮ್ಮಮ್ಮ ಸತ್ತ ಮೇಲೆ ನನ್ನ ತಲೆಗೆ ಇನ್ನೊಬ್ಬರ ಬೆರಳು ತಾಗಿದ್ದು ಅದೇ ಮೊದಲು. ನನಗೆ ಅಳು ಬಂತು.

"ಸೋಪು ಕಣ್ಣಿಗೆ ಹೋಯ್ತು ಕಣೆ," ಎಂದೆ.

"ಹೋಗಿರತ್ತೆ ಬಿಡಿ," ಎಂದು ಟವೆಲ್ಲು ಕೊಟ್ಟಳು.

ಅವತ್ತು ಹನ್ನೊಂದಾದ ಮೇಲೂ ಕೂತು ನನ್ನ ಜೊತೆ ಕಾಫಿ ಕುಡಿದಳು. ಅದಾದ ಮೇಲೆ ಪ್ರತಿ ಸಲ ಕೂರುತ್ತಿದ್ದಳು. ಕಾರ್ಖಾನೆಯ ಮೇಸ್ತ್ರಿ ಕುಂಟುವುದನ್ನು ಮಾಡಿ ತೋರಿಸಿ ನನ್ನನ್ನು ನಗಿಸುತ್ತಿದ್ದಳು. ಅವಳು ಹೋದ ಮೇಲೆ ನನಗೆ ದಾಮಿರ್ ಇಟ್ಟ ಹೂವಿನ ನೆನಪಾಗಿ ಹೆದರಿಕೆಯಾಗುತ್ತಿತ್ತು. ಅವಳು ಇಷ್ಟವಾದಷ್ಟೂ ಅತ್ತೆಯ ರುಜುವಿನ ಬಾಲ ಉದ್ದವಾಗುತ್ತ ಹೋಯಿತು.

ಆಮೇಲೊಂದು ಮಂಗಳವಾರ ನೆವೆಂಕಾ ಬರಲಿಲ್ಲ. ಶುಕ್ರವಾರ ಅವಳ ಬದಲು ಇನೆಸ್ ಬಂದು ಮೇಜಿನ ಮೇಲೆ ಹನ್ನೊಂದು ಹಾಳೆ ಹರಡಿದಳು.

"ಅಜ್ಜಿ, ನೆವೆಂಕಾ ನಿಜವಾಗ್ಲೂ ನಿಮ್ಮನೆಗೆ ಬರ್ತಿದ್ರಾ?"

ನಾನು ಹಾಳೆಗಳನ್ನು ನೋಡಿದೆ. ಸಾಲಾಗಿ ಇಟ್ಟಾಗ ಅವು ನನಗೇ ನಾಚಿಕೆಯಾಗುವಷ್ಟು ಬೇರೆ ಬೇರೆಯಾಗಿದ್ದವು.

"ಒಂದರ ಹಾಗೆ ಇನ್ನೊಂದಿಲ್ಲ. ಈ ಮಾರ್ಗಾ ಯಾರು? ಅವರು ತಮ್ಮನೇಲಿ ಕೂತ್ಕೊಂಡು ತಾವೇ ಸೈನ್ ಹಾಕ್ಕೊಂಡಿರ್ಬೇಕು ಅಂತ ನಮ್ಗೆ ಅನುಮಾನ. ಹಾಗೇನಾದ್ರೂ ಆಗಿದ್ರೆ ಅವರ ಕೆಲಸ ಹೋಗತ್ತೆ. ಇವೆಲ್ಲ ನಿಮ್ದೇನಾ, ಹೇಳಿ."

ಹೌದು ಅನ್ನುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಪೆನ್ನು ಕಾಣಿಸಿತು. ಮುಚ್ಚಳ ಆಗಲೇ ತೆಗೆದಿತ್ತು. ನನ್ನದೇ ಅಂದರೆ, 'ಹಾಗಾದ್ರೆ ನಿಜವಾದ್ದು ಇಲ್ಲಿ ಹಾಕಿ' ಅನ್ನುತ್ತಾಳೆ. ಇದೆಲ್ಲ ನನ್ನ ನಿಜವಾದ ರುಜು ಕಿತ್ತುಕೊಳ್ಳಲು ಹೂಡಿದ ಆಟವಾಗಿದ್ದರೆ?

"ನಂಗೆ ಜ್ಞಾಪಕ ಇಲ್ಲ," ಎಂದೆ.

"ಬರ್ತಿದ್ರೋ ಇಲ್ವೋ ಅನ್ನೋದೂ ಜ್ಞಾಪಕ ಇಲ್ವಾ?"

"ಇಲ್ಲ."

ಅವಳು ಏನೋ ಬರೆದುಕೊಂಡು ಹೋದಳು.

ಗೇಟಿನ ಸದ್ದಾಗುವುದನ್ನೇ ಕಾಯುತ್ತಿದ್ದ ಬಾರಿತ್ಸಾ ಓಡಿ ಬಂದಳು. "ನೋಡಿದ್ಯಾ? ಕಳ್ಳಿ ಅಂತ ನಾನ್ ಹೇಳಿರ್ಲಿಲ್ವಾ?" ಅವಳ ಮುಖ ಹಬ್ಬದ ದಿನದಂತೆ ಅರಳಿತ್ತು. ತನಗಿಲ್ಲದ್ದು ನನಗೂ ತಪ್ಪಿಹೋಯಿತೆಂಬ ಸಂತೋಷ ಅದು. ನನಗೆ ಮೈಯೆಲ್ಲ ಉರಿಯಿತು.

"ಅವಳು ಬರ್ತಿದ್ದಿದ್ದನ್ನ ನೀನೇ ಕಿಟಕೀಲಿ ನೋಡಿದೀಯಲ್ಲೇ. ಹೋಗಿ ಹೇಳು ಅವರಿಗೆ."

"ನಾನ್ಯಾಕ್ ನೋಡ್ಲಮ್ಮಾ ಇನ್ನೊಬ್ರ ಮನೇನ?" ಎಂದಳು. ನಾನು ದಿನಕ್ಕೆ ಎಷ್ಟು ಸಲ ಅಂಗಳಕ್ಕೆ ಇಳಿಯುತ್ತೇನೆಂದು ಲೆಕ್ಕ ಹೇಳಬಲ್ಲವಳು ಅವಳು.

ಹೊರಗೆ ಹೋಗು ಎಂದೆ. ಹೋದಳು. ಆದರೆ ಬಾರಿತ್ಸಾಳನ್ನು ಬೈದು ಏನು ಪ್ರಯೋಜನ? ನೋಡಿಲ್ಲ ಎಂದು ಅವಳು ಹೇಳಿದ್ದೂ ಜ್ಞಾಪಕ ಇಲ್ಲ ಎಂದು ನಾನು ಹೇಳಿದ್ದೂ ಒಂದೇ. ನೆವೆಂಕಾ ಜೋಡಿಸಿಟ್ಟಿದ್ದ ಸೌದೆ ಸೋಮವಾರದವರೆಗೆ ಬಂತು. ಕೊನೆಯ ತುಂಡು ಒಲೆಗೆ ಹಾಕುವಾಗ ಬಾಗಿಲ ಹಿಂದಿನ ಚಪ್ಪಲಿ ಕಣ್ಣಿಗೆ ಬಿತ್ತು. ಕಾಲರ್ ಹೊಲಿದು ಬೆನ್ನು ಬಗ್ಗಿದ ಹೆಂಗಸು. ಈ ವಯಸ್ಸಿನಲ್ಲಿ ಕಳ್ಳಿ ಎಂದು ಹೆಸರು ಹೊತ್ತರೆ ಅವಳಿಗೆ ಮತ್ತೆ ಕೆಲಸ ಯಾರು ಕೊಡುತ್ತಾರೆ? ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮಂಗಳವಾರ ಬೆಳಗಿನ ಏಳರ ಬಸ್ಸಿಗೆ ಹೊರಟೆ. ಮೆಟ್ಟಿಲು ಹತ್ತಲಾಗದೆ ನಿಂತಾಗ ಡ್ರೈವರ್ ಇಳಿದು ಬಂದು ಆಲೂಗಡ್ಡೆ ಮೂಟೆಯಂತೆ ನನ್ನನ್ನು ಎತ್ತಿ ಒಳಗಿಟ್ಟ. ಪಟ್ಟಣದ ಕಚೇರಿಯಲ್ಲಿ ಇನೆಸ್ ನನ್ನನ್ನು ಕಂಡು ಎದ್ದು ನಿಂತಳು.

"ಖಾಲಿ ಹಾಳೆ ಕೊಡು," ಎಂದೆ.

ಕೊಟ್ಟಳು. ಎಡಗೈಯದು ಬರೆದೆ. ತವರಿನದು ಬರೆದೆ. ಅಕ್ಕನದು, ಗಂಡನದು, ಒಂದರ ಕೆಳಗೊಂದು. ಕೊನೆಗೆ ಅತ್ತೆಯದು, ಬಾಲ ಸಮೇತ. ಇನೆಸ್ ಕಡತ ತೆಗೆದು ಹನ್ನೊಂದನ್ನೂ ಹೋಲಿಸಿ ನೋಡಿದಳು. ಅವಳ ಏರಿದ ಹುಬ್ಬು ಇಳಿಯಲಿಲ್ಲ.

"ಹೀಗೆ ಬರೀರಿ ಅಂತ ನೆವೆಂಕಾ ಬಂದು ಹೇಳ್ಕೊಟ್ರಾ?"

"ನಮ್ಮತ್ತೆ ಸತ್ತು ನಲವತ್ತು ವರ್ಷ ಆಯ್ತಮ್ಮ. ಅವಳ ಬಾಲ ನೆವೆಂಕಾಗೆ ಹೇಗ್ ಗೊತ್ತಾಗ್ಬೇಕು?"

"ಮತ್ಯಾಕ್ ಹೀಗ್ ಮಾಡಿದ್ರಿ?"

"ನೀವು ಮನೆ ಹೊಡ್ಕೋತೀರ ಅಂತ."

ಹಿಂದಿನ ಮೇಜಿನಲ್ಲಿ ಯಾರೋ ನಕ್ಕರು. ಇನೆಸ್ ನಗಲಿಲ್ಲ.

"ಇಲ್ಲೀತನಕ ಹೇಗ್ ಬಂದ್ರಿ ಅಜ್ಜಿ?"

"ಬಸ್ಸಲ್ಲಿ."

"ಒಬ್ರೇನಾ?"

"ಒಬ್ಳೇ."

ಅವಳು ನನ್ನ ಅರ್ಜಿ ಹೊರಗೆ ತೆಗೆದಳು. "ಒಬ್ರೇ ಪಟ್ಟಣಕ್ಕೆ ಬರೋರಿಗೆ ವಾರಕ್ಕೆರಡು ದಿನ ಬೇಕೇ ಬೇಕಾ ಅಂತ ಮತ್ತೆ ನೋಡ್ಬೇಕಾಗತ್ತೆ."

"ಡ್ರೈವರ್ ಎತ್ತಿ ಹತ್ತಿಸಿದ ಕಣಮ್ಮ!"

ಅವಳು ನಂಬಲಿಲ್ಲ. ನಂಬುವಂಥ ಕೆಲಸ ನಾನೇನು ಮಾಡಿದ್ದೆ? ಹನ್ನೊಂದು ಸುಳ್ಳು ಅವಳ ಮುಂದೆಯೇ ಬಿದ್ದಿದ್ದವು.

"ಒಂದೇ ದಿನ ಆಗ್ಲಿ. ಅವಳನ್ನೇ ಕಳ್ಸಿ," ಎಂದೆ.

ನೆವೆಂಕಾ ಎಲ್ಲ ದಿನವೂ ಬಂದಿದ್ದಳೆಂದು ಇನೆಸ್ ಒಂದು ಹೇಳಿಕೆ ಬರೆದು ಮುಂದಿಟ್ಟಳು. ಎರಡು ಸಲ ಓದಿದೆ. ಮನೆ ಎಂಬ ಮಾತು ಎಲ್ಲಾದರೂ ಅಡಗಿದೆಯೇ ಎಂದು ಮೂರನೆಯ ಸಲವೂ ಓದಿದೆ. ಆಮೇಲೆ ನನ್ನ ನಿಜವಾದ ರುಜು ಹಾಕಿದೆ.

ಹದಿನೈದು ದಿನ ಬಿಟ್ಟು ನೆವೆಂಕಾ ಬಂದಳು, ಮಂಗಳವಾರ ಮಾತ್ರ. ಸೌದೆ ತಂದಳು, ಗುಡಿಸಿದಳು, ನನ್ನ ಕಾಲು ತೊಳೆದಳು. ಕೇಳಿದ್ದಕ್ಕಷ್ಟೇ ಉತ್ತರ. ಹನ್ನೊಂದಕ್ಕೆ ಹಾಳೆ ಇಟ್ಟಳು.

"ಗುರುತಿನ ಚೀಟಿ ಕೊಡಿ."

ಕನ್ನಡಕ ಹಾಕಿಕೊಂಡು ನನ್ನ ರುಜುವಿನ ಒಂದೊಂದು ಅಕ್ಷರವನ್ನೂ ಚೀಟಿಯ ಜೊತೆ ಹಿಡಿದು ನೋಡಿದಳು. ಕಾಫಿ ಕುಡಿ ಎಂದೆ. ಹೊತ್ತಾಯಿತು ಎಂದಳು. ಬಾಗಿಲ ಹಿಂದಿನ ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಮುಂದಿನ ವಾರವೂ ಹಾಗೆಯೇ.

ಮೂರನೆಯ ವಾರ ನನಗೆ ತಡೆಯಲಾಗಲಿಲ್ಲ. "ತಪ್ಪಾಯ್ತು ಕಣೆ ನೆವೆಂಕಾ. ಆ ಸುಳ್ಳು ಸೈನು..."

"ಸೈನಿಗೆ ನಂಗೇನೂ ಬೇಜಾರಿಲ್ಲ," ಎಂದಳು ಅವಳು, ಕೋಟಿನ ಗುಂಡಿ ಹಾಕಿಕೊಳ್ಳುತ್ತ. "ಬಾರಿತ್ಸಾ ದೊಡ್ಡಮ್ಮನ ಪಾಡು ನಂಗೂ ಗೊತ್ತು. ಆದ್ರೆ ನಾನ್ ಬರ್ತಿದ್ನಾ ಅಂತ ಆ ಹುಡುಗಿ ಕೇಳಿದ್ದಕ್ಕೆ ಜ್ಞಾಪಕ ಇಲ್ಲ ಅಂದ್ರಂತಲ್ಲ. ನಿಮ್ ತಲೆ ತೊಳೆದಿದ್ದೂ ಜ್ಞಾಪಕ ಇರ್ಲಿಲ್ವಾ ದೊಡ್ಡಮ್ಮ?"

ಇತ್ತು ಎಂದು ಬಾಯಲ್ಲಿ ಹೇಳಿದರೆ ನನ್ನ ಮಾತಿಗೆ ಬೆಲೆ ಎಲ್ಲಿತ್ತು? ಹಾಳೆಯನ್ನು ನನ್ನ ಕಡೆಗೆ ಎಳೆದುಕೊಂಡೆ. 'ಇತರೆ' ಎಂಬ ಖಾಲಿ ಜಾಗದಲ್ಲಿ ಬರೆದೆ: ಫೆಬ್ರವರಿಯಲ್ಲಿ ಒಂದು ಶುಕ್ರವಾರ ನನ್ನ ತಲೆ ತೊಳೆದಳು. ನನಗೆ ಜ್ಞಾಪಕ ಇದೆ. ಸೋಪು ಕಣ್ಣಿಗೆ ಹೋಗಿರಲಿಲ್ಲ. ಕೆಳಗೆ ನನ್ನ ಪೂರ್ತಿ ಹೆಸರು ಬರೆದು ರುಜು ಹಾಕಿದೆ.

ನೆವೆಂಕಾ ಕನ್ನಡಕ ಏರಿಸಿ ಓದಿದಳು. ಮತ್ತೊಮ್ಮೆ ಓದಿದಳು.

"ಇದು ಈ ವಾರದ ಹಾಳೆ ದೊಡ್ಡಮ್ಮ. ಆಫೀಸಲ್ಲಿ ಇದೇನು ಅಂತ ಕೇಳ್ತಾರೆ."

"ಕೇಳ್ಲಿ."

ರುಜುವನ್ನು ಗುರುತಿನ ಚೀಟಿಯ ಜೊತೆ ಹೋಲಿಸಿ ನೋಡುವುದನ್ನು ಅವಳು ಮರೆಯಲಿಲ್ಲ. ನೋಡಿ ಆದ ಮೇಲೆ ಹಾಳೆ ಮಡಚಿ ಚೀಲಕ್ಕೆ ಹಾಕಿ, ಕೋಟು ಬಿಚ್ಚದೆಯೇ ಕುರ್ಚಿ ಎಳೆದುಕೊಂಡು ಕೂತಳು. ನಾನು ಕಾಫಿ ಪಾತ್ರೆಯನ್ನು ಒಲೆಯ ಮೇಲಿಟ್ಟೆ. ಒಂದು ಲೋಟ ಕುಡಿದಳು, ಮೇಸ್ತ್ರಿಯ ಮಾತು ಎತ್ತಲಿಲ್ಲ. ಹೋಗುವಾಗ ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡೇ ಹೋದಳು. ಬಾಗಿಲ ಹಿಂದಿನ ಆ ಜಾಗದಲ್ಲಿ ನಾನು ಬೇರೇನನ್ನೂ ಇಟ್ಟಿಲ್ಲ.