ಕಳಿಸ ಎಂಬಲ್ಲಿ ನಿಂತ ಮಾತು

ಗೇಟಿನ ಬಳಿ ಹಾರನ್, ಸಂಸೆಗೆ ಹೋಗುವ ಜೀಪೇ ಇರಬೇಕು, ಭವ್ಯಾ ಎಳೆಯುತ್ತಿದ್ದ ಬ್ಯಾಗಿನ ಜಿಪ್ ಅರ್ಧಕ್ಕೇ ಸಿಕ್ಕಿಕೊಂಡಿದೆ, ಒಳ್ಳೆಯದೇ ಆಯಿತು, ಇನ್ನೊಂದು ಗಳಿಗೆ ಇರುತ್ತಾಳೆ — ನಮ್ಮ ಯಜಮಾನರಿಗೆ ಪಾರ್ಶ್ವವಾಯು ಬಡಿದಾಗಿನಿಂದ ನೋಡಿಕೊಂಡ ಹುಡುಗಿ, ಒಂದು ಚಮಚ ಗಂಜಿ ಬಾಯಿಗಿಟ್ಟು ಅವರ ಗಂಟಲನ್ನೇ ನೋಡುತ್ತಾಳೆ, ಇಳಿದಷ್ಟು ಇಳಿಯಿತು, ಉಳಿದದ್ದನ್ನು ಚೆಲ್ಲದೆ ಮತ್ತೆ ತುಟಿಗೆ ತರುತ್ತಾಳೆ, ಬೆಳಿಗ್ಗೆ ಅವರು ಭವ್ಯಾನ ಕಳಿಸ ಎಂದು ತುಟಿ ಮುಚ್ಚಿದರು, ಮಗ ಬಸವಪ್ರಸಾದ ಎದ್ದೇಬಿಟ್ಟ, ಅಪ್ಪನೇ ಕಳಿಸಿ ಅಂದ್ರಲ್ಲಮ್ಮ, ಹುಡುಗಿ ಕೈಲಿ ಮೈ ಒರೆಸ್ಕೊಳ್ಳೋದು ಅವರಿಗೆ ಮುಜುಗರ, ಆಯ್ತಣ್ಣ ಹೊರಡ್ತೀನಿ ಎಂದಳು ಭವ್ಯಾ, ಹೊರಡುವ ಮೊದಲು ಅವರ ದಿಂಬಿನ ಕವರ್ ಬದಲಿಸಿದಳು, ಯಾರೂ ಹೇಳಿರಲಿಲ್ಲ — ಕಣದಾಚೆ ಪಾರ್ಚ್‌ಮೆಂಟ್ ಕಾಫಿಬೀಜ ಒಣಗಿಸುವ ಡ್ರೈಯರ್ ಗುಂಯ್‌ಗುಡುತ್ತಿದೆ, ಅದರ ಶಾಖ ನೋಡುವ ಪುಟ್ಟ ಕಂಪ್ಯೂಟರನ್ನು ಮಡಿಲಲ್ಲಿಟ್ಟುಕೊಂಡು ಮೊಮ್ಮಗಳು ತನುಜಾ ಆಗಲೇ ಗೊಣಗುತ್ತಿದ್ದಳು, ಶಾಖದ ಫೈಲ್ ಓದಿದ್ರೆ ನಲವತ್ತೆಂಟು ಡಿಗ್ರಿ ಇದ್ರೂ ನಾಲ್ಕು ಅಂತ ತೋರಿಸ್ತದೆ ಅಜ್ಜಿ, ಫೈಲಲ್ಲೇ ತಪ್ಪಿದೆಯೇನೇ ಎಂದೆ, ಫೈಲ್ ಅನ್ನೋದು ಹೆಸರಿಗಷ್ಟೇ, ಡಿಸ್ಕಲ್ಲಿ ಏನೂ ಇಲ್ಲ, ಓದೋಕೆ ಹೋದಾಗ ಕಂಪ್ಯೂಟರನ್ನೇ ನಡೆಸೋ ಕರ್ನಲ್ ಪ್ರೋಗ್ರಾಂ ಆವಾಗಲೇ ಬರೆದು ಕೊಡ್ತದೆ, ಒಂದೇ ಸಲ ಪೂರ್ತಿ ಕೊಡುತ್ತೆ ಅಂತೇನಿಲ್ಲ, ಮೊದಲ ಅಂಕಿ ಸಿಕ್ಕಿದ್ದಕ್ಕೇ ಮುಗೀತು ಅಂದ್ಕೊಂಡೆ ನಾನು, ಮತ್ತೆ ಕೇಳು ಹಾಗಾದ್ರೆ ಎಂದೆ, ಮೊದಲಿಂದ ಕೇಳಿದ್ರೆ ಮತ್ತೆ ಅದೇ ನಾಲ್ಕು ಅಜ್ಜಿ, ನಿಂತಲ್ಲಿಂದ ಮುಂದಕ್ಕೆ ಕೇಳಬೇಕು, ಇನ್ನೇನೂ ಇಲ್ಲ ಅಂತ ಅದು ಸೊನ್ನೆ ಕೊಡೋವರೆಗೂ ಕೇಳ್ತಾನೇ ಇರಬೇಕು —

ನಾವು ಏನಂದ್ರಿ ಏನಂದ್ರಿ ಎಂದು ಪ್ರತಿ ಸಲ ಮೊದಲಿನಿಂದಲೇ ಕೇಳಿದೆವಲ್ಲ, ಪ್ರತಿ ಸಲವೂ ಭವ್ಯಾನ ಕಳಿಸ, ಅಲ್ಲಿಗೆ ಉಸಿರು ಸಾಲದು, ತುಟಿ ಮುಚ್ಚುತ್ತದೆ — ತಾಳು ಮಾರಾಯ, ಕಿಟಕಿಯಿಂದಲೇ ಡ್ರೈವರಿಗೆ ಹೇಳಿ ಹಾಸಿಗೆಯ ಅಂಚಿಗೆ ಕೂತೆ, ಕೈ ಹಿಡಿದೆ, ಕಳಿಸ, ಆಮೇಲೆ, ಅಲ್ಲಿಂದ ಹೇಳಿ, ಅವರು ನನ್ನನ್ನೇ ನೋಡಿದರು, ತುಟಿ ಮುಚ್ಚಿದರು, ನೋಡಮ್ಮ ಅಷ್ಟೇ ಮಾತು ಅನ್ನುತ್ತಾನೆ ಬಸವಪ್ರಸಾದ, ಕೂತ್ಕೊಳ್ಳೋ ನೀನು, ಬಿಎಯಲ್ಲಿ ಕನ್ನಡವನ್ನೇ ಓದಿದ ನನಗೆ ಬೆಳಿಗ್ಗೆಯಿಂದ ಹೊಳೆಯಲಿಲ್ಲವಲ್ಲ, ತುಟಿ ಮುಚ್ಚದೆ ಬ ಹುಟ್ಟುತ್ತದೆಯೇ, ಕಳಿಸಬೇಡಿ ಎನ್ನುವುದಕ್ಕೂ ಮೊದಲು ಕಳಿಸ ಎಂದು ತುಟಿ ಮುಚ್ಚಲೇಬೇಕು, ಜೀಪು ಇನ್ನೊಮ್ಮೆ ಹಾರನ್ ಹಾಕುತ್ತಿದೆ, ಭವ್ಯಾ ಜಿಪ್ಪಿನಿಂದ ಕೈ ತೆಗೆದಿದ್ದಾಳೆ, ಆಮೇಲೆ, ಹೇಳಿ, ನಾನು ಇಲ್ಲೇ ಇದ್ದೇನೆ, ಅವರ ತುಟಿ ಮುಚ್ಚಿದೆ, ಬಿಗಿಯಾಗಿ, ನಡುಗುತ್ತ, ಅದರ ಹಿಂದೆ ಉಸಿರು ತುಂಬಿಕೊಳ್ಳುತ್ತಿದೆ, ಮುಚ್ಚಿದ ಆ ತುಟಿ